ಯಾವ ಉಪಯೋಗಕ್ಕೂ ಬಾರದ ಕಂಪ್ಯೂಟರ್

ನಮ್ಮ ಸೋದರತ್ತೆಗೆ ತಲೆ ಕೆಟ್ಟಿದೆ ಎಂದು ಅಕ್ಕಿಆಲೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಅಲ್ಲಗಳೆಯುವುದಿಲ್ಲ. ಅರವತ್ತು ದಾಟಿದ ಹೆಂಗಸು, ಹಿಟ್ಟಿನ ಗಿರಣಿ ನಡೆಸುವವಳು, ಬಿಡಿಬಿಡಿಯಾಗಿ ಸಾಮಾನು ತಂದು, ಸ್ಕ್ರೂ ಡ್ರೈವರ್ ಹಿಡಿದು, ಕೈಯಾರೆ ಒಂದು ಗೇಮಿಂಗ್ ಕಂಪ್ಯೂಟರ್ ಕಟ್ಟಿದ್ದಾಳೆ. ಯಾರದೋ ಮಗನಿಗಲ್ಲ, ಮಾರುವುದಕ್ಕಲ್ಲ, ತಾನು ಕೂತು ಆಡುವುದಕ್ಕೆ! ತಲೆ ಕೆಟ್ಟಿದ್ದರೆ ಕೆಟ್ಟಿರಲಿ ಬಿಡಿ. ನೆಟ್ಟಗಿರುವ ತಲೆಯವರೆಲ್ಲ ಇಷ್ಟು ವರ್ಷ ಏನು ಕಟ್ಟಿದಿರಿ ಎಂದು ನಾನು ತಿರುಗಿ ಕೇಳಿದರೆ ಊರಿನಲ್ಲಿ ಜಗಳವಾಗುತ್ತದೆ.

ಇವಳು ನಮ್ಮಪ್ಪನ ತಂಗಿ. ಮದುವೆಯಾಗಿ ಹಿರೇಕೆರೂರಿಗೆ ಹೋದವಳು ಬಹಳ ಬೇಗ ಗಂಡನನ್ನು ಕಳೆದುಕೊಂಡು ತವರಿಗೆ ವಾಪಸು ಬಂದಳು. ಮಕ್ಕಳಿಲ್ಲ. ಬಂದವಳು ಮೂಲೆ ಹಿಡಿದು ಕೂರಲಿಲ್ಲ. ಆಗಷ್ಟೇ ಅಪ್ಪ ಹಾಕಿದ್ದ ಗಿರಣಿಯೊಳಗೆ ನುಗ್ಗಿ ಬೆಲ್ಟು ಏರಿಸುವುದು, ಬೇರಿಂಗಿಗೆ ಗ್ರೀಸು ತುಂಬುವುದು, ಕಲ್ಲು ಬಿಗಿ ಮಾಡುವುದು ಎಲ್ಲ ಕಲಿತಳು. ಈಗ ಗಿರಣಿ ಎಂದರೆ ಅಪ್ಪನಿಗೆ ಹೊರಗಿನ ಕಟ್ಟೆಯ ಮೇಲೆ ಕುಳಿತು ಬಂದವರ ಜತೆ ಹರಟೆ ಹೊಡೆಯುವುದು. ಒಳಗಿನ ದರಬಾರೆಲ್ಲ ಅತ್ತೆಯದೇ.

ಅವಳನ್ನು ಹುಟ್ಟಾ ಹಟಮಾರಿ ಎನ್ನುವವರಿದ್ದಾರೆ. ಸುಳ್ಳು! ಹಟ ಕಲಿಸಿದ್ದು ಒಂದೇ ಒಂದು ಪ್ರಶ್ನೆ: "ನಿನಗ್ಯಾಕ ಬೇಕು?" ಬಳೆಗಾರ ಬಂದಾಗ ಹಸಿರು ಬಳೆಗೆ ಕೈ ಚಾಚಿದರೆ, ನಿನಗ್ಯಾಕ ಬೇಕು? ಓಣಿಯ ಹೆಂಗಸರೆಲ್ಲ ಗಾಡಿ ಮಾಡಿಕೊಂಡು ಪ್ರವಾಸ ಹೊರಟಾಗ ಇವಳೂ ಚೀಲ ತುಂಬಿದರೆ, ನಿನಗ್ಯಾಕ ಬೇಕು? ಪಂಚಮಿಯ ಜೋಕಾಲಿಯ ಹತ್ತಿರ ಸುಮ್ಮನೆ ನಿಂತರೂ ಸಾಕು, ಯಾವುದೋ ಅಜ್ಜಿಯ ಬಾಯಿಂದ ಅದೇ ಮಾತು. ಕೇಳುವವರೆಲ್ಲ ಒಳ್ಳೆಯವರೇ, ಅಂತಃಕರಣದಿಂದಲೇ ಕೇಳುತ್ತಾರೆ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಅತ್ತೆ ಕೆಲವು ಸಲ ಜಗಳವಾಡಿ ಗೆದ್ದಳು. ಬಹಳ ಸಲ ಬಾಯಿ ಮುಚ್ಚಿಕೊಂಡು ಹೋಗಿ ಗಿರಣಿ ಚಾಲೂ ಮಾಡಿದಳು. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ಕೈಗೆ ಮೊಬೈಲು ಬಂದ ಮೇಲೆ ಅವಳಿಗೆ ಕಾರು ಓಡಿಸುವ ಆಟದ ಹುಚ್ಚು ಹತ್ತಿತು. ಅತ್ತ ಜೋಳ ಬೀಸುತ್ತಿರುತ್ತದೆ, ಇತ್ತ ಮೈತುಂಬ ಹಿಟ್ಟು ಮೆತ್ತಿಕೊಂಡ ಅತ್ತೆ ಯಾವುದೋ ದೇಶದ ಸಮುದ್ರದ ದಂಡೆಯ ಮೇಲೆ ಕೆಂಪು ಕಾರು ಹಾರಿಸುತ್ತಿರುತ್ತಾಳೆ.

"ನಾ ಹುಟ್ಟಿದಾಗಿಂದ ಎಲ್ಲಾದ್ರೂ ಜೋರ ಹೋಗೇನೇನು ಹೇಳು" ಎಂದು ನನ್ನನ್ನೇ ಕೇಳಿದಳು. "ಹಾನಗಲ್ ಬಸ್ ಹತ್ತಿದ್ರ ಅದೂ ಗಿಡಗಿಡಕ್ಕ ನಿಲ್ತೈತಿ. ಇದರಾಗ ನೋಡು, ಬ್ರೇಕಿನ ಗೊಡವಿನ ಇಲ್ಲ!"

ಆದರೆ ಮೊಬೈಲಿಗೆ ಅಷ್ಟು ಜೋರು ತಡೆಯುತ್ತಿರಲಿಲ್ಲ. ಬಿಸಿಯಾಗಿ, ಸರಿಯಾಗಿ ಗೆಲ್ಲುವ ಹೊತ್ತಿಗೆ ಕಲ್ಲಾಗಿ ನಿಂತುಬಿಡುವುದು. ಅತ್ತೆ ಅದನ್ನು ನೀರಿನ ಕೊಡದ ಮುಚ್ಚಳದ ಮೇಲಿಟ್ಟು ತಂಪು ಮಾಡಿ ಮತ್ತೆ ಆಡುವಳು. ಒಂದು ದಿನ ಮುಚ್ಚಳ ಇರಲಿಲ್ಲ! ಅವಳು ನೋಡದೆ ಇಟ್ಟಳು. ರಿಪೇರಿಯಾಗಿ ಬಂದ ಮೊಬೈಲಿನಲ್ಲಿ ಆಟ ಓಡಲಿಲ್ಲ, ವಿಡಿಯೋ ಮಾತ್ರ ಓಡುತ್ತಿತ್ತು. ಆ ವಿಡಿಯೋಗಳಲ್ಲಿ ಯಾರೋ ಹುಡುಗರು ಕಡಿಮೆ ಖರ್ಚಿನಲ್ಲಿ ಆಟದ ಕಂಪ್ಯೂಟರ್ ಕಟ್ಟುವುದನ್ನು ತೋರಿಸುತ್ತಿದ್ದರು.

ಗಿರಣಿಯ ಗದ್ದಲದಲ್ಲಿ ಅವರು ಏನು ಹೇಳುತ್ತಿದ್ದಾರೆ ಎಂಬುದು ಅವಳಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಕಣ್ಣಿನಿಂದಲೇ ಕಲಿತಳು. ಹೀಗಾಗಿ ಅವಳ ವಿದ್ಯೆಯಲ್ಲಿ ಅರ್ಧ ಕಂಪ್ಯೂಟರ್, ಅರ್ಧ ಗಿರಣಿ. ಪ್ರೊಸೆಸರ್ ಎಂದರೆ ಬೀಸುವ ಕಲ್ಲು. ಪವರ್ ಸಪ್ಲೈ ಎಂದರೆ ಮೋಟರು. ರ‍್ಯಾಮ್ ಎಂದರೆ ಕಾಳು ಸುರಿಯುವ ಬಾಯಿ. ಗ್ರಾಫಿಕ್ಸ್ ಕಾರ್ಡ್ ಯಾವುದು ಅತ್ತಿ ಎಂದು ಕೇಳಿದೆ. "ಅದು ಖಾರ ಕುಟ್ಟೋದು, ಅದರದು ಬ್ಯಾರೆನ ಮಷೀನು" ಎಂದಳು. ನಾನು ಶಿಗ್ಗಾವಿಯಲ್ಲಿ ಹೈಸ್ಕೂಲ್ ಮಾಸ್ತರಿಣಿ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾನೇ ಪಾಠ ಮಾಡಿದ್ದೇನೆ. ಆ ಪಾಠದಲ್ಲಿ ಖಾರ ಕುಟ್ಟುವ ಮಷೀನು ಎಲ್ಲೂ ಬಂದಿರಲಿಲ್ಲ.

ಒಂದು ಭಾನುವಾರ ನಾನು ಊರಿಗೆ ಹೋದಾಗ ಊಟಕ್ಕೆ ಕುಳಿತವಳು ಎಲ್ಲರೆದುರು ಘೋಷಿಸಿಯೇಬಿಟ್ಟಳು.

"ನಾ ಕಂಪ್ಯೂಟರ್ ಕಟ್ಟಾಕತ್ತೇನಿ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಯಾತಕ್ಕ?"

"ಆಡಾಕ."

"ಆಡಾಕ? ಈ ವಯಸ್ಸಿನ್ಯಾಗ? ನಿನಗ್ಯಾಕ ಬೇಕವಾ ಅದು? ಮಂದಿ ಏನಂತಾರ?"

"ಮಂದಿ ಬಂದ್ರ ಅವರಿಗೂ ಒಂದ್ ಸಲ ಆಡಾಕ ಕೊಡೋಣು ತಗೋರಿ ವೈನಿ."

ಅವ್ವ ಮತ್ತು ಅತ್ತೆಯ ಬಗ್ಗೆ ನಿಮಗೆ ಹೇಳಲೇಬೇಕು. ಅತ್ತೆಗೆ ಅವ್ವ ವೈನಿ, ಅಂದರೆ ಅಣ್ಣನ ಹೆಂಡತಿ, ಅವ್ವನಿಗೆ ಅತ್ತೆ ಗಂಡನ ತಂಗಿ. ಒಂದೇ ಅಡುಗೆಮನೆಯಲ್ಲಿ ಒಂದು ಆಯುಷ್ಯವನ್ನೇ ಕಳೆದವರು. ಜಗಳವಿಲ್ಲದ ದಿನ ಇಲ್ಲ, ಉಪ್ಪಿಗೆ, ಹುಳಿಗೆ, ಕಿಟಕಿ ತೆಗೆದಿದ್ದಕ್ಕೆ, ಹಾಕಿದ್ದಕ್ಕೆ. ಆದರೆ ಎಂಥ ಜಗಳದಲ್ಲೂ ಅತ್ತೆಯ ಬಾಯಿಂದ "ವೈನಿ" ಮತ್ತು "ರಿ" ತಪ್ಪುವುದಿಲ್ಲ. "ವೈನಿ, ನಿಮಗ ಬುದ್ಧಿ ಇಲ್ರಿ" ಎಂದು ಎಷ್ಟು ಮರ್ಯಾದೆಯಿಂದ ಹೇಳುತ್ತಾಳೆ ಗೊತ್ತೇ! ಅವ್ವ ಆ ದಿನದಿಂದಲೇ ಕಂಪ್ಯೂಟರಿನ ವಿರೋಧ ಪಕ್ಷದ ನಾಯಕಿಯಾದಳು.

ಸುದ್ದಿ ಹೊರಗೆ ಬಿದ್ದ ಮೇಲೆ ಸಲಹೆಗಳೂ ಬಂದವು. ಆಟಕ್ಕೆ ಎಂದರೆ ಯಾರಿಗೂ ಸಮಾಧಾನವಿಲ್ಲ! ಹೆಂಗಸರ ಸಂಘದವರು, ಕಂಪ್ಯೂಟರ್ ಬರುವುದಾದರೆ ಅರ್ಜಿ ತುಂಬಿಕೊಡುವ ಅಂಗಡಿ ಇಡಿ ಎಂದರು. ಕಟ್ಟೆಯ ಮೇಲಿನ ಅಪ್ಪನ ಗೆಳೆಯರು ಗಿರಣಿಯ ಲೆಕ್ಕ ಇಡಿ ಎಂದರು. ನಾನೂ ನನ್ನ ಮಾಸ್ತರಿಕೆ ಬಿಡಲಾರದೆ, "ಓಣಿ ಮಕ್ಕಳಿಗೆ ಏನಾರ ಕಲಿಸಬಹುದಲ್ಲ ಅತ್ತಿ" ಎಂದೆ. ಎಲ್ಲರಿಗೂ ಸೇರಿಸಿ ಅವಳು ಒಂದೇ ಉತ್ತರ ಕೊಟ್ಟಳು.

"ಉಪಯೋಗಕ್ಕ ಗಿರಣಿ ಐತಿ. ಉಪಯೋಗಕ್ಕ ನಾ ಅದೇನಿ. ಈ ಮನ್ಯಾಗ ಒಂದಾದ್ರೂ ಯಾವ ಉಪಯೋಗಕ್ಕೂ ಬಾರದ್ದು ಇರ್ಲಿ!"

ಹೊರಗಿನ ಕಟ್ಟೆಯಿಂದ ಅಪ್ಪನ ದನಿ ಬಂತು: "ಮತ್ತ ನಾ ಅದೇನಲ್ಲ?"

ಸಾಮಾನು ಕೂಡಿಸುವ ಕೆಲಸ ಶುರುವಾಯಿತು. ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ತರಲು ಅವಳು ಹಿರೇಕೆರೂರಿಗೇ ಹೋಗಬೇಕು ಎಂದಳು. ಗಂಡನ ಮನೆ ಬಿಟ್ಟು ಬಂದ ಮೇಲೆ ಆ ಊರಿನಲ್ಲಿ ಬಸ್ಸಿನಿಂದ ಕೆಳಗಿಳಿದವಳೇ ಅಲ್ಲ. ಅಲ್ಲಿ ಒಂದು ಅಂಗಡಿಯವನು ನಮ್ಮನ್ನು ನೋಡಿ ಕುರ್ಚಿ ಕೊಟ್ಟು, ಚಹಾ ತರಿಸಿ, ನನ್ನ ಕಡೆ ಮುಖ ಮಾಡಿ ಮಾತಾಡತೊಡಗಿದ. ಬೇಕಾಗಿರುವುದು ಅವರಿಗೆ ಎಂದು ಬೆರಳು ಮಾಡಿದೆ. ಅವನು ನಕ್ಕ.

"ಅವ್ವಾರ, ಬಿಡಿ ಸಾಮಾನು ನಿಮ್ಮ ಕೈಲೆ ಆಗಂಗಿಲ್ರಿ. ರೆಡಿ ಇದ್ದದ್ದು ಒಯ್ರಿ. ಭಜನಿ ನೋಡಬಹುದು, ಮೊಮ್ಮಕ್ಕಳ ಫೋಟೋ ನೋಡಬಹುದು."

"ನೀ ಗಿರಣಿ ಬಿಚ್ಚಿ ಜೋಡಿಸಿಯೇನು?" ಅತ್ತೆ ಕೇಳಿದಳು.

"ಇಲ್ರಿ."

"ನಾ ಜೋಡಿಸೇನಿ. ಬೋರ್ಡ್ ತೆಗಿ."

ವಾಪಸು ಬರುವಾಗ ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಳು. ಆ ಊರಿಂದ ಹಿಂದೊಮ್ಮೆ ಬರಿಗೈಯಲ್ಲಿ ಬಂದಿದ್ದಳು.

ಗ್ರಾಫಿಕ್ಸ್ ಕಾರ್ಡ್ ಹೊಸದು ಕೈಗೆಟುಕುವಂತಿರಲಿಲ್ಲ. ಸವಣೂರಿನಲ್ಲಿ ಮದುವೆ ವಿಡಿಯೋ ಮಾಡುವ ಸ್ಟುಡಿಯೋದ ಚಾಚಾ ಒಬ್ಬರು ತಮ್ಮ ಹಳೆಯದನ್ನು ಮಾರುತ್ತಾರೆಂದು ಗೊತ್ತಾಯಿತು. ಅತ್ತೆ ಆ ಕಾರ್ಡನ್ನು ಕೈಗೆತ್ತಿಕೊಂಡು ಮೊದಲು ಮಾಡಿದ ಕೆಲಸವೆಂದರೆ ಮೂಗಿಗೆ ಹಿಡಿದು ದೀರ್ಘವಾಗಿ ಮೂಸಿ ನೋಡಿದ್ದು! ಸುಟ್ಟ ಮೋಟರಿನ ವಾಸನೆ ಬಲ್ಲವಳಲ್ಲವೇ? ಚಾಚಾ ಗಾಬರಿಯಾದರು.

"ಅವ್ವಾರ, ಅದು ಮಲ್ಲಿಗಿ ಮಾಲಿ ಅಲ್ರಿ!"

"ಸುಟ್ಟಿಲ್ಲ. ಆದ್ರ ಬಿರಿಯಾನಿ ವಾಸನಿ ಐತಿ."

"ಮತ್ತ ಮದುವಿ ಕಾರ್ಡ್ ಅಲ್ಲೇನ್ರಿ, ಇರೋದ!" ಎಂದು ಚಾಚಾ ನಕ್ಕು, ಯಾರಿಗೆ ಇದು, ಮೊಮ್ಮಗನಿಗೇನು ಎಂದು ಕೇಳಿದರು. ನನಗೇ, ಆಡಾಕ, ಎಂದಳು ಅತ್ತೆ. ಚಾಚಾ "ಶಾಬಾಸ್" ಎಂದು ಒಂದು ಹಳೆಯ ಕೀಬೋರ್ಡನ್ನೂ ಚೀಲಕ್ಕೆ ಹಾಕಿದರು. ಈ ಇಡೀ ಪ್ರಕರಣದಲ್ಲಿ ಉಪಯೋಗವೇನು ಎಂದು ಕೇಳದ ಮೊದಲ ಮನುಷ್ಯ ಅವರೇ.

ಕೈಯಲ್ಲಿ ದುಡ್ಡು ಕಡಿಮೆ, ಆದ್ದರಿಂದ ಎಲ್ಲಿ ಬಿಗಿ ಹಿಡಿಯಬೇಕು ಎಲ್ಲಿ ಸಡಿಲ ಬಿಡಬೇಕು ಎಂಬುದೇ ದೊಡ್ಡ ವಿಚಾರ. ಬಣ್ಣಬಣ್ಣದ ಲೈಟಿನ ಫ್ಯಾನಿಗೆ ದುಡ್ಡು ಹಾಕಬೇಡಿ, ಅದರಿಂದ ಆಟಕ್ಕೆ ಕವಡೆಯಷ್ಟೂ ಲಾಭವಿಲ್ಲ ಎಂದು ಎಲ್ಲ ವಿಡಿಯೋಗಳೂ ಕೈಮುಗಿದು ಹೇಳುತ್ತವೆ. ನಾನು ಅದನ್ನು ಕೇಳಿ ಅವಳಿಗೆ ಹೇಳಿದೆ. ತಪ್ಪಾಯಿತು. "ಲಾಭಿಲ್ಲಂತ? ಹಂಗಾರ ಬೇಕ ಬೇಕು" ಎಂದಳು. ಕೆಂಪು, ಹಸಿರು, ನೀಲಿ, ನೇರಳೆ ಎಲ್ಲವೂ ಸರದಿಯಲ್ಲಿ ಉರಿಯುವ ಫ್ಯಾನುಗಳು ಬಂದವು. ಇಷ್ಟು ವರ್ಷ ಮಾಸಿದ ಬಣ್ಣದ ಸೀರೆಗಳಲ್ಲೇ ಬದುಕಿದವಳು ಲೈಟಿನ ವಿಷಯದಲ್ಲಿ ಯಾಕೆ ಬಿಟ್ಟುಕೊಡಬೇಕು?

ಜೋಡಣೆ ನಡೆದದ್ದು ಪಡಸಾಲೆಯಲ್ಲಿ. ಬಿಡಿಭಾಗ ಮುಟ್ಟುವ ಮೊದಲು ಕಬ್ಬಿಣ ಮುಟ್ಟಿ ಮೈಯ ಕರೆಂಟು ಇಳಿಸಿಕೊಳ್ಳಬೇಕೆಂದು ವಿಡಿಯೋದಲ್ಲಿ ನೋಡಿದ್ದಳು. ಅವಳಿಗೆ ಕಬ್ಬಿಣ ಎಂದರೆ ಗಿರಣಿ! ಒಂದು ಸ್ಕ್ರೂ ಹಾಕುವುದು, ಎದ್ದು ಅಂಗಳ ದಾಟಿ ಗಿರಣಿ ಮುಟ್ಟಿ ಬರುವುದು, ಇನ್ನೊಂದು ಸ್ಕ್ರೂ ಹಾಕುವುದು, ಮತ್ತೆ ಹೋಗುವುದು. ಅವಳು ಏನೋ ಹರಕೆ ಹೊತ್ತು ಪ್ರದಕ್ಷಿಣೆ ಹಾಕುತ್ತಿದ್ದಾಳೆಂದು ಬೀಸಲು ಬಂದ ಹೆಂಗಸೊಬ್ಬಳು ಕೈಮುಗಿದು ಹೋದಳು.

ಮುಂದಿನದು ಪೇಸ್ಟಿನ ಪ್ರಸಂಗ. ಪ್ರೊಸೆಸರ್ ಮೇಲೆ, ಅದರ ಬಿಸಿ ಎಳೆಯಲು, ಕಡಲೆಕಾಳಿಗಿಂತ ಸಣ್ಣ ಹನಿ ಪೇಸ್ಟು ಹಾಕಬೇಕು. ಬೇರಿಂಗಿಗೆ ಗ್ರೀಸು ಕಡಿಮೆ ಹಾಕಿದವಳು ನಮ್ಮತ್ತೆ ಅಲ್ಲವೇ ಅಲ್ಲ. ಟ್ಯೂಬನ್ನು ಬುಡದಿಂದ ಹಿಂಡಿ ಪೂರ್ತಿ ಸುರಿದಳು. ಮೇಲಿಂದ ಫ್ಯಾನು ಒತ್ತಿದಾಗ ಅದು ನಾಲ್ಕೂ ಕಡೆಯಿಂದ ಹೊರಗೆ ಬಂತು. ಅಪ್ಪನ ಹಳೆಯ ಧೋತರ ಹರಿದು ಒರೆಸಿ ಒರೆಸಿ ಸಾಕಾಯಿತು. ಧೋತರ ಹಳೆಯದಾಗಿರಲಿಲ್ಲ ಎಂದು ಅಪ್ಪ ಇವತ್ತಿಗೂ ಹೇಳುತ್ತಾನೆ.

ಇಷ್ಟೆಲ್ಲ ಆಗುವಾಗ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ವರದಿ ಕೇಳುವುದು, ನಿಟ್ಟುಸಿರು ಬಿಡುವುದು, "ಆ ಡಬ್ಬಿ ಹೊರಗ ಇಡು, ದೇವರ ಕ್ವಾಣಿ ಕಡೆ ಮುಖ ಮಾಡಬ್ಯಾಡ" ಎನ್ನುವುದು ನಡೆದೇ ಇತ್ತು. ರ‍್ಯಾಮ್ ಒಂದು ಬರಬೇಕಿತ್ತು, ಪಾರ್ಸಲ್ ತಡವಾಯಿತು. ಚಾಚಾರ ಸ್ಟುಡಿಯೋದಲ್ಲಿ ಆಟ ತುಂಬಿಸಿಕೊಂಡು ತಂದಿದ್ದ ಡಿಸ್ಕೂ ಸೇರಿ ಉಳಿದದ್ದನ್ನೆಲ್ಲ ಜೋಡಿಸಿ, ಪಕ್ಕದ ಬಾಗಿಲು ತೆಗೆದಿಟ್ಟ ಡಬ್ಬಿಗೆ ತೊಳೆದ ಟಾವೆಲ್ ಹೊದಿಸಿ ಅತ್ತೆ ಕಾದಳು.

ರ‍್ಯಾಮ್ ಬಂದ ಭಾನುವಾರ ನಾನೂ ಹೋದೆ. ಓಣಿ ಓಣಿಯೇ ಪಡಸಾಲೆಗೆ ಬಂದಿತ್ತು! ಅತ್ತೆ ರ‍್ಯಾಮನ್ನು ಬೋರ್ಡಿನ ಸೀಳಿನಲ್ಲಿ ಕೂರಿಸಿ, ಒತ್ತಿ, ಗುಂಡಿ ಅದುಮಿದಳು. ಫ್ಯಾನು ತಿರುಗಿದವು. ಕೆಂಪು, ಹಸಿರು, ನೀಲಿ ಬಂದವು. ಎಲ್ಲರೂ ಓ ಎಂದರು. ಅದಕ್ಕೆ ಜೋಡಿಸಿದ್ದ ಮನೆಯ ಟಿವಿಯ ಪರದೆ ಮಾತ್ರ ಕರ್ರಗೆ ಹಾಗೇ ಇತ್ತು. ಮತ್ತೆ ಅದುಮಿದಳು. ಮತ್ತೆ ಬಣ್ಣ ಬಂತು, ಪರದೆಗೆ ಏನೂ ಬರಲಿಲ್ಲ. ಎದುರು ಮನೆಯಾಕೆ, "ಚಂದ ಐತಿ ಬಿಡ್ರಿ, ಗಣಪತಿ ಮುಂದ ಇಡಾಕ ಬರತೈತಿ" ಎಂದಳು.

ಹಿರೇಕೆರೂರಿನ ಅಂಗಡಿಗೆ ಫೋನು ಮಾಡಿದೆವು. ಸ್ಪೀಕರಿನಲ್ಲಿ ಅವನ ದನಿ ಎಲ್ಲರಿಗೂ ಕೇಳಿಸಿತು. "ನಾ ಹೇಳಿರ್ಲಿಲ್ಲೇನ್ರಿ ಅವ್ವಾರ? ಬೋರ್ಡ್ ಸುಟ್ಟಿರಬೇಕು. ನಿಮಗ್ಯಾಕ ಬೇಕಿತ್ತು ಇದು? ಸುಮ್ನ ರೆಡಿ ಒಯ್ದಿದ್ರ ಆಗ್ತಿತ್ತು."

ಅತ್ತೆ ಫೋನು ಕಟ್ ಮಾಡಿದಳು. ಗುಂಪಿನಲ್ಲಿ ಯಾರೋ, ಖರೆ ಐತಿ, ಯಾಕ ಬೇಕಿತ್ತು, ಎಂದು ಗೊಣಗಿದರು. ಆ ಕ್ಷಣ ನಾನು ಅವಳ ಮುಖ ನೋಡಿದೆ. ಕಂಪ್ಯೂಟರ್ ಹಾಳಾದ ದುಃಖವಲ್ಲ ಅದು. ಬದುಕಿನಲ್ಲಿ ಮೊದಲ ಸಲ ತನ್ನ ಖುಷಿಗೆಂದೇ ಒಂದನ್ನು ಮಾಡಿಕೊಳ್ಳಲು ಹೋದವಳಿಗೆ, ಊರೆಲ್ಲ ಕೇಳಿಕೊಂಡು ಬಂದ ಪ್ರಶ್ನೆಯೇ ಸರಿಯಾಗಿತ್ತೇ ಎಂಬ ಅನುಮಾನ. ಇಷ್ಟು ಹೊತ್ತಿಗೆ ಅವ್ವ "ನಾ ಹೇಳಿದ್ನಿಲ್ಲೋ" ಎನ್ನಬೇಕಿತ್ತು. ಅನ್ನಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಬಾಯಿಗೆ ಸೆರಗು ಹಚ್ಚಿಕೊಂಡು ಕುಳಿತಿದ್ದಳು.

ಅತ್ತೆ ಮೂಗು ಒರೆಸಿಕೊಂಡಳು. "ಗಿರಣಿ ನಿಂತ್ರ ಯಾರನ್ನಾರ ಕೇಳಾಕ ಹೋಗೇನೇನು? ಬಿಚ್ಚಿ ನೋಡೇನಿ" ಎಂದು ಸ್ಕ್ರೂ ಡ್ರೈವರ್ ಎತ್ತಿಕೊಂಡಳು. ಒಂದೊಂದೇ ಬಿಚ್ಚಿದಳು. ರ‍್ಯಾಮ್ ತೆಗೆದು ಕೈಬ್ಯಾಟರಿಯ ಬೆಳಕು ಬಿಟ್ಟು ಆ ಸೀಳಿನೊಳಗೆ ಕಣ್ಣು ಕಿರಿದು ಮಾಡಿ ನೋಡಿದಳು. ನನ್ನ ಕೂದಲಿನ ಪಿನ್ನು ಇಸಿದುಕೊಂಡು ಒಳಗಿನಿಂದ ಏನನ್ನೋ ಎಬ್ಬಿಸಿ ಅಂಗೈ ಮೇಲೆ ಹಾಕಿಕೊಂಡಳು. ಒಡೆದ ಅಕ್ಕಿಯ ಚೂರು.

"ಗಿರಣಿ ಮನಿ, ಮತ್ತೇನ ಬರತೈತಿ" ಎಂದ ಅಪ್ಪ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಆ ಚೂರಿಗೆ ಕುಂಕುಮ ಹತ್ತಿತ್ತು. ಬ್ಯಾಟರಿಯ ಬೆಳಕನ್ನು ಡಬ್ಬಿಯ ತಳಕ್ಕೆ ಬಿಟ್ಟಳು. ವೈರುಗಳ ಹಿಂದೆ ಒಂದು ಅರಿಶಿನದ ಕೊಂಬು, ಒಂದು ಇಡೀ ಅಡಿಕೆ ಬಿದ್ದಿದ್ದವು.

ಉಡಿ ತುಂಬುವುದು ನಿಮಗೆ ಗೊತ್ತೇ ಇದೆ. ಮನೆಗೆ ಬಂದ ಸೊಸೆಗೆ, ತವರಿನಿಂದ ಹೊರಟ ಮಗಳಿಗೆ, ಅಕ್ಕಿ, ಅಡಿಕೆ, ಅರಿಶಿನ ಕೊಂಬು ಹಾಕಿ ಸೆರಗು ತುಂಬಿಸಿ ಹರಸುತ್ತಾರೆ. ಗಂಡ ಸತ್ತವಳ ಸೆರಗಿಗೆ ಮಾತ್ರ ಯಾರೂ ಹಾಕುವುದಿಲ್ಲ. ಈ ಮನೆಯಲ್ಲಿ ಎಷ್ಟು ಹಬ್ಬಗಳಲ್ಲಿ ಅವ್ವ ಬಂದವರಿಗೆಲ್ಲ ಉಡಿ ತುಂಬಿದ್ದಳೋ, ಅಷ್ಟೂ ಸಲ ಅತ್ತೆ ಗಿರಣಿಯಲ್ಲೇ ಉಳಿದಿದ್ದಳು.

"ನಾನ" ಎಂದಳು ಅವ್ವ ಹೊಸ್ತಿಲಿಂದಲೇ. "ಹೊಸದಾಗಿ ಮನಿಗೆ ಬಂದದ್ದು. ಬರೀ ಉಡೀಲೆ ಕುಂದರಸಬಾರ್ದು ಅಂತ... ನೀ ಕೈಯಾರೆ ಕಟ್ಟಿದ್ದು, ನಿನ್ನ ಕೂಸಿದ್ದಂಗ ಅಲ್ಲೇನು? ಅಕ್ಕಿ ಎಲ್ಲಾ ಹೊಳ್ಳಿ ಆರಿಸಿ ತಗದಿದ್ದೆ ತಂಗಿ. ಆ ಒಂದು ಎಲ್ಲಿ ಉಳೀತೋ. ನನ್ನಿಂದ ಕೆಡ್ತಲ್ಲವಾ ನಿಂದು."

ಇಷ್ಟು ದಿನ ಆ ಡಬ್ಬಿಯನ್ನು ಬೈದ ಬಾಯಿ ಇದೇ! ಅತ್ತೆ ಅಂಗೈಯಲ್ಲಿನ ಅಕ್ಕಿಯನ್ನು ಒಮ್ಮೆ ನೋಡಿದಳು. ಆಮೇಲೆ ಹೋಗಿ ಅವ್ವನ ಮುಂದೆ ಮೊಣಕಾಲೂರಿ ಕುಳಿತು, ಹಿಟ್ಟು ಮೆತ್ತಿದ ಸೆರಗನ್ನು ಎರಡೂ ಕೈಯಿಂದ ಒಡ್ಡಿದಳು.

"ತುಂಬೋದಾದ್ರ ಇಲ್ಲಿ ತುಂಬ್ರಿ ವೈನಿ. ಅದರಾಗ ಹಾಕಿದ್ರ ಅದು ಕೆಡತೈತಿ."

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ತಲೆ ಆಡಿಸಿ ಗೋಡೆಯ ಕಡೆ ತಿರುಗಿದ. ಎದುರು ಮನೆಯಾಕೆ, "ಅಯ್ಯ ಯವ್ವಾ, ಹಂಗ ಮಾಡಬಾರ್ದು, ಅಕೀಗೆ..." ಎಂದು ಶುರು ಮಾಡಿದಳು. ಅವ್ವ ಎದ್ದು ನಿಂತಳು.

"ಹೋಗೋ ಮುಂದ ಬಾಗಲಾ ಎಳ್ಕೊಂಡು ಹೋಗವಾ" ಎಂದಳು.

ಮೊರದಲ್ಲಿ ಅಕ್ಕಿ ತಂದಳು. ಅವಸರದಲ್ಲಿ ಅರ್ಧ ಅಕ್ಕಿ ನೆಲಕ್ಕೇ ಬಿತ್ತು, ಉಳಿದದ್ದು ಸೆರಗಿಗೆ ಬಿತ್ತು. ಹಣೆಗೆ ಕುಂಕುಮ ಹಚ್ಚುವಾಗ ಇಬ್ಬರೂ ಜೋರಾಗಿ ಅತ್ತರು, ನಾನೂ ಅತ್ತೆನೆಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅತ್ತೆ ಸೆರಗನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಗಿಸಿಕೊಂಡು ಎದ್ದು ಬಂದು, ರ‍್ಯಾಮನ್ನು ಮತ್ತೆ ಕೂರಿಸಿ ಗುಂಡಿ ಅದುಮಿದಳು. ಪರದೆ ಬೆಳಗಿತು.

"ಉಡಿ ಬಿಚ್ಚಿ ಒಳಗ ಇಟ್ಟು ಬಾ, ಆಮ್ಯಾಲ ಆಡು" ಎಂದ ಅಪ್ಪ, ಮೂಗು ಸೀಟಿಕೊಳ್ಳುತ್ತ.

"ಬಿಚ್ಚಂಗಿಲ್ಲ" ಎಂದಳು ಅತ್ತೆ. ಆ ಗಂಟು ಸೊಂಟದಲ್ಲಿದ್ದಂತೆಯೇ ಕುರ್ಚಿಗೆ ಕುಳಿತಳು, ಅವ್ವನನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಕೆಂಪು ಕಾರು ಸಮುದ್ರದ ದಂಡೆಯ ಮೇಲೆ ಹೊರಟಿತು. ಅವ್ವ ಹೆದರಿ ಅವಳ ರಟ್ಟೆ ಹಿಡಿದುಕೊಂಡಿದ್ದಳು, ಬಿಡಲಿಲ್ಲ.